ಏರುದಾರಿಯಲ್ಲಿ ಅರ್ಧಶಕ್ತಿ: ಹೊರೆ ಹೊತ್ತ ಸೈಕಲ್ಲಿಗೆ ಗೇರಿನ ಆಯ್ಕೆ

ಮಾಘಮಾಸ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಉಳವಿ ಜಾತ್ರೆಯ ಸಿದ್ಧತೆ ತೊಡಗುತ್ತದೆ. ಚಕ್ಕಡಿಯ ಅಚ್ಚಿಗೆ ಎಣ್ಣೆ ಬೀಳುತ್ತದೆ, ಎತ್ತುಗಳಿಗೆ ಹೆಚ್ಚಿನ ಮೇವು ದೊರೆಯುತ್ತದೆ. ಚನ್ನಬಸವಣ್ಣನವರು ಐಕ್ಯರಾದ ಆ ಪುಣ್ಯಕ್ಷೇತ್ರವು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಇದೆ. ದಾಂಡೇಲಿ ದಾಟಿದ ಮೇಲೆ ದಾರಿಯೆಲ್ಲ ಏರಿಳಿತ. ಚಕ್ಕಡಿ ಹೊಡೆಯುವ ರೈತನಿಗೆ ಆ ದಾರಿಯ ಮರ್ಮ ಗೊತ್ತಿರುತ್ತದೆ. ಹೊರೆ ಹೆಚ್ಚಾಗಿ ದಿಬ್ಬ ಕಡಿದಾದರೆ ಆತ ಎತ್ತುಗಳನ್ನು ಬಡಿಯುವುದಿಲ್ಲ. ಹಿಂದಿನ ಗಾಡಿಯ ಜೋಡಿಯನ್ನೂ ಮುಂದೆ ಹೂಡಿ ಏರು ದಾಟಿಸುತ್ತಾನೆ, ಇಲ್ಲವೇ ಹೊರೆ ಇಳಿಸುತ್ತಾನೆ.

ಇತ್ತೀಚಿನ ವರ್ಷಗಳಲ್ಲಿ ಇಂಥ ಯಾತ್ರೆಗಳಿಗೆ ಸೈಕಲ್ಲಿನಲ್ಲಿ ಹೋಗುವ ಭಕ್ತರೂ ಕಾಣಸಿಗುತ್ತಾರೆ. ಅದು ಸಂತೋಷದ ಸಂಗತಿ. ಆದರೆ ಎತ್ತಿನ ವಿಷಯದಲ್ಲಿ ನಾವು ತೋರುವ ವಿವೇಕವನ್ನು ಸ್ವಂತ ಮೊಣಕಾಲಿನ ವಿಷಯದಲ್ಲಿ ತೋರುವುದಿಲ್ಲ ಎಂಬುದನ್ನು ನಮ್ಮ ಚಿಕಿತ್ಸಾಲಯದಲ್ಲಿ ಕಂಡಿದ್ದೇವೆ. ಆದ್ದರಿಂದ ಈ ಸಂಚಿಕೆಯಲ್ಲಿ ಹೊರೆ ಹೊತ್ತು ದೂರ ಸಾಗುವ ಸೈಕಲ್ಲಿಗೆ ಎಂಥ ಗೇರು ಇರಬೇಕು, ಗೇರು ಬದಲಿಸುವ ಡಿರೇಲರನ್ನು ಹೇಗೆ ಆರಿಸಬೇಕು ಎಂಬುದನ್ನು ವಿವರಿಸುತ್ತಿದ್ದೇವೆ. ಆರೋಗ್ಯದ ಅಂಕಣದಲ್ಲಿ ಯಂತ್ರದ ಮಾತೇಕೆ ಎಂದು ವಾಚಕರು ಆಶ್ಚರ್ಯಪಡಬಹುದು. ಅದಕ್ಕೆ ಕಾರಣ ನಾವೇ ಮಾಡಿದ ಒಂದು ತಪ್ಪು.

ನಾವು ಮಾಡಿದ ತಪ್ಪು

ಮಠದ ಭಕ್ತರಾದ ನಿವೃತ್ತ ಶಿಕ್ಷಕರೊಬ್ಬರು ಒಂದು ವರ್ಷ ಸೈಕಲ್ಲಿನಲ್ಲಿ ಉಳವಿಗೆ ಹೊರಟು ಅರ್ಧದಾರಿಯಿಂದ ಬಸ್ಸಿನಲ್ಲಿ ಹಿಂದಿರುಗಿದರು. ಅವರ ವಯಸ್ಸು ಆಗ 61. ಮಧುಮೇಹವಿದ್ದರೂ ನಿತ್ಯ ಸೈಕಲ್ ತುಳಿದು ಅದನ್ನು ಹತೋಟಿಯಲ್ಲಿ ಇಟ್ಟುಕೊಂಡವರು. ಎರಡೂ ಮೊಣಕಾಲುಗಳ ಮುಂಭಾಗದಲ್ಲಿ, ಚಿಪ್ಪಿನ ಸುತ್ತ ನೋವು. ಮೆಟ್ಟಿಲು ಇಳಿಯುವಾಗ ಹೆಚ್ಚು, ಕುಳಿತು ಏಳುವಾಗ ಹೆಚ್ಚು. ಬಾವು ಅಲ್ಪ.

ನಾವು ಮೊಣಕಾಲನ್ನು ಪರೀಕ್ಷಿಸಿದೆವು. ಜಾನುಸಂಧಿಯಲ್ಲಿ ವಾತ ಪ್ರಕೋಪಗೊಂಡಿದೆಯೆಂದು ನಿರ್ಣಯಿಸಿ ಅಭ್ಯಂಗ, ಸ್ವೇದ, ಪಥ್ಯಗಳನ್ನು ಹೇಳಿದೆವು. ಕೊನೆಗೆ, "ಗುರುಗಳೇ, ಇನ್ನು ಸೈಕಲ್ ಬಿಟ್ಟುಬಿಡಿರಿ" ಎಂದೆವು. ಅವರು ಹಿರಿಯರ ಮಾತು ಮೀರದ ಸ್ವಭಾವದವರು. ಬಿಟ್ಟರು.

ಮೂರು ತಿಂಗಳ ನಂತರ ಅವರು ಬಂದಾಗ ಮೊಣಕಾಲಿನ ನೋವು ಇಳಿದಿತ್ತು. ಆದರೆ ತೂಕ 4 ಕಿಲೋ ಏರಿತ್ತು, ರಕ್ತದ ಸಕ್ಕರೆಯೂ ಏರಿತ್ತು. ಮುಖದಲ್ಲಿ ಮೊದಲಿನ ಕಳೆ ಇರಲಿಲ್ಲ. ಮಾತಿನ ನಡುವೆ ಅವರೆಂದರು: "ಸಾಹೇಬ್ರ, ಗೇರು ಇಪ್ಪತ್ತೊಂದು ಇದ್ದುವ್ರೀ. ಆದ್ರ ಏರಿನ್ಯಾಗ ಒಂದೂ ಸಾಲಲಿಲ್ಲ."

ಆ ಮಾತು ನಮ್ಮನ್ನು ತಡೆದು ನಿಲ್ಲಿಸಿತು. ಇಪ್ಪತ್ತೊಂದು ಗೇರುಗಳಿದ್ದೂ ಏರಿಗೆ ಒಂದೂ ಸಾಲದಿದ್ದರೆ ದೋಷ ಮೊಣಕಾಲಿನದೇ, ಸೈಕಲ್ಲಿನದೇ? ರೋಗಿಯನ್ನು ನೋಡಿದ ನಾವು ರೋಗದ ನಿದಾನವನ್ನು, ಅಂದರೆ ಮೂಲಕಾರಣವನ್ನು, ನೋಡಿರಲಿಲ್ಲ. ಕಾರಣವನ್ನು ಮೊದಲು ದೂರಮಾಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ವಿದ್ಯಾರ್ಥಿದೆಸೆಯಲ್ಲೇ ಕಲಿತ ಪಾಠ. ಮರುದಿನ ಸೈಕಲ್ಲನ್ನು ತರಿಸಿಕೊಂಡೆವು. ಪರಿಚಯದ ಸೈಕಲ್ ಮೇಸ್ತ್ರಿಯೊಬ್ಬರನ್ನು ಕರೆದು ಹಲ್ಲುಚಕ್ರಗಳ ಹಲ್ಲುಗಳನ್ನು ಒಂದೊಂದಾಗಿ ಎಣಿಸಿದೆವು.

ಅರ್ಧಶಕ್ತಿ ಎಂದರೇನು

ಲೆಕ್ಕಕ್ಕೆ ಹೋಗುವ ಮುನ್ನ ಆಯುರ್ವೇದದ ಒಂದು ತತ್ತ್ವವನ್ನು ನೆನೆಯಬೇಕು. ವ್ಯಾಯಾಮವನ್ನು ಬಲದ ಅರ್ಧಕ್ಕೆ ನಿಲ್ಲಿಸಬೇಕೆಂದು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಅದೂ ಬಲಿಷ್ಠರಿಗೆ, ಜಿಡ್ಡಿನಂಶವುಳ್ಳ ಆಹಾರ ಉಣ್ಣುವವರಿಗೆ, ಶೀತಕಾಲ ಹಾಗೂ ವಸಂತದಲ್ಲಿ ಮಾತ್ರ. ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು, ಬಾಯಿಯಿಂದ ಉಸಿರಾಡಬೇಕೆನಿಸುವುದು ಅರ್ಧಬಲ ಮುಗಿದುದರ ಲಕ್ಷಣಗಳು. ಮಿತಿ ಮೀರಿದರೆ ಬಾಯಾರಿಕೆ, ಕ್ಷಯ, ಶ್ವಾಸ, ಜ್ವರ, ಕೆಮ್ಮು ಮುಂತಾದ ವಿಕಾರಗಳು ತಲೆದೋರುತ್ತವೆ. ಸಂಧಿಗಳನ್ನು ಸ್ನಿಗ್ಧವಾಗಿ ಕಾಯುವ ಶ್ಲೇಷಕ ಕಫವು ಅತಿಶ್ರಮದಿಂದ ಕ್ಷೀಣಿಸಿದಾಗ ವಾತವು ಅಲ್ಲಿ ಮನೆಮಾಡುತ್ತದೆ.

ನಡೆಯುವವನು ಅರ್ಧಶಕ್ತಿಗೆ ಬಂದಾಗ ನಡಿಗೆಯನ್ನು ನಿಧಾನಿಸಬಲ್ಲ. ಸೈಕಲ್ ಸವಾರನಿಗೆ ಆ ಸ್ವಾತಂತ್ರ್ಯ ಪೂರ್ತಿಯಾಗಿ ಇಲ್ಲ. ಏರಿನಲ್ಲಿ ಒಂದು ಮಿತಿಗಿಂತ ನಿಧಾನಿಸಿದರೆ ಸೈಕಲ್ ಓಲಾಡುತ್ತದೆ, ಪೆಡಲು ನಿಂತೇಬಿಡುತ್ತದೆ. ಎಷ್ಟು ನಿಧಾನವಾಗಿ, ಎಷ್ಟು ಹಗುರವಾಗಿ ಏರಬಹುದೆಂಬುದನ್ನು ನಿರ್ಧರಿಸುವುದು ಅತ್ಯಂತ ಕೆಳಗಿನ ಗೇರು. ಆದ್ದರಿಂದ ಹೊರೆಯ ಸೈಕಲ್ಲಿನಲ್ಲಿ ಅರ್ಧಶಕ್ತಿಯನ್ನು ಪಾಲಿಸುವ ಸಾಧನವೇ ಕೆಳಗಿನ ಗೇರು. ಅದು ಸಾಲದಿದ್ದಲ್ಲಿ ಸವಾರನಿಗೆ ಎಷ್ಟೇ ವಿವೇಕವಿದ್ದರೂ ಪಾಲಿಸುವ ಉಪಾಯವಿಲ್ಲ.

ಹಲ್ಲುಗಳ ಲೆಕ್ಕ

ಲೆಕ್ಕ ಸುಲಭ. ಪೆಡಲಿನ ಬಳಿಯಿರುವ ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಬೇಕು. ಬಂದ ಸಂಖ್ಯೆಯನ್ನು ಹಿಂಗಾಲಿಯ ಸುತ್ತಳತೆಯಿಂದ ಗುಣಿಸಬೇಕು. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆಂಬುದು ಇದರಿಂದ ತಿಳಿಯುತ್ತದೆ. ಈಗಿನ ದೊಡ್ಡ ಗಾಲಿಯ ಗೇರು ಸೈಕಲ್ಲುಗಳಲ್ಲಿ ಸುತ್ತಳತೆ ಸುಮಾರು 2.15 ಮೀಟರ್ ಇರುತ್ತದೆ. ಗಾಲಿಯ ಮೇಲೆ ಸುಣ್ಣದ ಗುರುತು ಹಾಕಿ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆಯಬಹುದು.

ನಮ್ಮ ಹಳೆಯ ಗೇರಿಲ್ಲದ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಸಾಗುತ್ತದೆ. ಬಯಲಿಗೆ ಅದು ಸೊಗಸು, ಏರಿಗೆ ಭಾರ. ಹಿಂದೆ ದಿಬ್ಬ ಬಂದರೆ ಹಿರಿಯರು ನಾಚಿಕೆಯಿಲ್ಲದೆ ಇಳಿದು ತಳ್ಳುತ್ತಿದ್ದರು. ಅದು ಅವರ ಕೆಳಗಿನ ಗೇರು ಎನ್ನಬಹುದು.

ಶಿಕ್ಷಕರ ಸೈಕಲ್ಲಿನಲ್ಲಿ ಮುಂದೆ 48, 38, 28 ಹಲ್ಲುಗಳ ಮೂರು ಚಕ್ರಗಳಿದ್ದವು. ಹಿಂದೆ 14ರಿಂದ 28 ಹಲ್ಲುಗಳವರೆಗೆ ಏಳು ಚಕ್ರಗಳು. ಮೂರು ಏಳಲಿ ಇಪ್ಪತ್ತೊಂದು ಎಂಬುದೇನೋ ನಿಜ. ಆದರೆ ಅತ್ಯಂತ ಕೆಳಗಿನ ಗೇರಿನಲ್ಲಿ ಮುಂದೆ 28, ಹಿಂದೆ 28. ಒಂದು ಸುತ್ತಿಗೆ 2.15 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 7.7 ಕಿಲೋಮೀಟರ್ ವೇಗ. ಅದಕ್ಕಿಂತ ನಿಧಾನವಾಗಿ ಹೋಗಬೇಕಾದರೆ ತುಳಿತವನ್ನೇ ಕಡಿಮೆಮಾಡಿ ಪ್ರತಿ ತುಳಿತಕ್ಕೂ ದೇಹವನ್ನೆಲ್ಲ ಹೇರಬೇಕು.

ಇನ್ನು ಹೊರೆಯ ಲೆಕ್ಕ. ಅವರ ತೂಕ 68 ಕಿಲೋ, ಸೈಕಲ್ 17 ಕಿಲೋ, ಸಾಮಾನು 25 ಕಿಲೋ. ಒಟ್ಟು 110 ಕಿಲೋ. ನೂರು ಮೀಟರ್ ಸಾಗಿದರೆ 6 ಮೀಟರ್ ಮೇಲೇರುವ ದಾರಿಯಲ್ಲಿ ಈ ಭಾರವನ್ನು ಗಂಟೆಗೆ 7.7 ಕಿಲೋಮೀಟರಿನಂತೆ ಒಯ್ಯಲು ಸುಮಾರು 157 ವ್ಯಾಟ್ ಶಕ್ತಿ ಬೇಕು. ಒಂದು ನಿಮಿಷಕ್ಕಾದರೆ ಅನೇಕರು ಅದನ್ನು ನೀಡಬಲ್ಲರು. ಒಂದು ಗಂಟೆಯ ಕಾಲ ನೀಡುವುದು ಅರವತ್ತು ದಾಟಿದ ಸಾಧಾರಣ ದೇಹಕ್ಕೆ ಅರ್ಧಶಕ್ತಿಯಲ್ಲ, ಪೂರ್ಣಶಕ್ತಿಗಿಂತಲೂ ಹೆಚ್ಚು.

ಮೇಸ್ತ್ರಿ ಸೂಚಿಸಿದ ಬದಲಾವಣೆ ಚಿಕ್ಕದು. ಮುಂದಿನ ಚಕ್ರಗಳನ್ನು ತೆಗೆದು 42, 34, 24 ಹಲ್ಲುಗಳ ಚಕ್ರಗಳನ್ನು ಹಾಕುವುದು, ಹಿಂದೆ 14ರಿಂದ 34ರವರೆಗಿನ ಫ್ರೀವೀಲ್ ಹಾಕುವುದು. ಈಗ ಅತ್ಯಂತ ಕೆಳಗಿನ ಗೇರಿನಲ್ಲಿ ಮುಂದೆ 24, ಹಿಂದೆ 34. ಒಂದು ಸುತ್ತಿಗೆ ಸುಮಾರು 1.52 ಮೀಟರ್. ಅದೇ 60 ಸುತ್ತು ತುಳಿದರೆ ಗಂಟೆಗೆ 5.5 ಕಿಲೋಮೀಟರ್, ಅಂದರೆ ಚುರುಕು ನಡಿಗೆಯ ವೇಗ. ಬೇಕಾದ ಶಕ್ತಿ 111 ವ್ಯಾಟ್. ಸಾಮಾನನ್ನು 25ರಿಂದ 17 ಕಿಲೋಗೆ ಇಳಿಸಿದ ಮೇಲೆ ಸುಮಾರು 103 ವ್ಯಾಟ್. ಮೊದಲಿನ ಶ್ರಮದ ಮೂರು ಪಾಲಿನಲ್ಲಿ ಎರಡು ಪಾಲು ಮಾತ್ರ.

ಮೊಣಕಾಲಿಗೆ ಆಗುವ ಲಾಭವನ್ನು ಪ್ರತ್ಯೇಕವಾಗಿ ಹೇಳಬೇಕು. ಪೆಡಲಿನ ಮೇಲೆ ಒತ್ತುವ ಬಲವು ಗೇರಿನ ಅನುಪಾತಕ್ಕೆ ತಕ್ಕಂತೆ ಇಳಿಯುತ್ತದೆ. ಮೊದಲು ಸರಾಸರಿ 15 ಕಿಲೋ ಭಾರದಷ್ಟು ಒತ್ತಬೇಕಿದ್ದ ಕಾಲು ಈಗ 10 ಕಿಲೋ ಒತ್ತಿದರೆ ಸಾಕು. ತುಳಿತಗಳ ಸಂಖ್ಯೆ ಹೆಚ್ಚುತ್ತದೆ, ನಿಜ. ಹತ್ತು ಕಿಲೋಮೀಟರ್ ಏರಿಗೆ ಮೊದಲು ಸುಮಾರು 4,650 ಸುತ್ತು, ಈಗ ಸುಮಾರು 6,600. ಆದರೆ ಸಂಧಿಗೆ ಹಗುರವಾದ ಅನೇಕ ಚಲನೆಗಳು ಹಿತ, ಭಾರವಾದ ಕೆಲವು ಚಲನೆಗಳು ಅಹಿತ. ಒಂದು ಮೂಟೆಯನ್ನು ಎರಡು ಬಾರಿಯಾಗಿ ಹೊತ್ತರೆ ಬೆನ್ನು ಉಳಿಯುವಂತೆ.

ಗಮನಿಸಬೇಕಾದದ್ದು ಇಷ್ಟು. ಬದಲಾವಣೆಗೆ ಮುಂಚೆ ಗೇರುಗಳು 21, ನಂತರವೂ 21. ಗೇರುಗಳ ಸಂಖ್ಯೆಯನ್ನು ನೋಡಿ ಕೊಳ್ಳುವವನು ಮೋಸಹೋಗುತ್ತಾನೆ. ಕೇಳಬೇಕಾದ ಪ್ರಶ್ನೆ ಒಂದೇ: ಮುಂದಿನ ಅತಿ ಚಿಕ್ಕ ಚಕ್ರಕ್ಕೆ ಹಲ್ಲೆಷ್ಟು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಹಲ್ಲೆಷ್ಟು? ಹೊರೆಯೊಂದಿಗೆ ಘಟ್ಟ ಏರುವವರಿಗೆ ಮುಂದಿನದು ಹಿಂದಿನದಕ್ಕಿಂತ ಖಚಿತವಾಗಿ ಚಿಕ್ಕದಿರಬೇಕು. ಒಂದು ಸುತ್ತಿಗೆ 1.6 ಮೀಟರಿಗಿಂತ ಕಡಿಮೆ ಬಂದರೆ ಒಳ್ಳೆಯದು. ಐವತ್ತು ದಾಟಿದವರಿಗೆ 1.4 ಮೀಟರ್ ಇನ್ನೂ ಒಳ್ಳೆಯದು. ಮುಂದೆ 22, ಹಿಂದೆ 34 ಇದ್ದರೆ ಅದು ದೊರೆಯುತ್ತದೆ.

ಮೇಲಿನ ಗೇರು ಕಡಿಮೆಯಾದರೆ ವೇಗ ಹೋಗುವುದಲ್ಲ ಎಂದು ಕೆಲವರು ಚಿಂತಿಸುತ್ತಾರೆ. ಮುಂದೆ 42, ಹಿಂದೆ 14 ಇದ್ದರೂ ನಿಮಿಷಕ್ಕೆ 80 ಸುತ್ತಿಗೆ ಗಂಟೆಗೆ 31 ಕಿಲೋಮೀಟರ್ ವೇಗ ಬರುತ್ತದೆ. ಹೊರೆ ಹೊತ್ತ ಯಾತ್ರಿಕನಿಗೆ ಬಯಲಿನಲ್ಲಿ ಅದರ ಅರ್ಧ ಸಾಕು. ಇಳಿಜಾರಿನಲ್ಲಿ ಬೇಕಾದದ್ದು ಪೆಡಲಲ್ಲ, ಬ್ರೇಕು.

ವೆಲೋಸಿಯೋ ಎಂಬ ಸಸ್ಯಾಹಾರಿ

ಕೆಳಗಿನ ಗೇರು ದುರ್ಬಲರದೆಂಬ ಭಾವನೆ ಹೊಸದಲ್ಲ. ಫ್ರಾನ್ಸ್ ದೇಶದ ಸೇಂಟ್ ಎಟಿಯೆನ್ ನಗರದಲ್ಲಿ ಪಾಲ್ ದ ವೀವಿ ಎಂಬವರಿದ್ದರು. 1853ರಲ್ಲಿ ಜನಿಸಿದ ಅವರು ಮೊದಲು ರೇಷ್ಮೆಯ ವ್ಯಾಪಾರಿ. ಅನಂತರ ಸೈಕಲ್ಲಿಗೇ ಬಾಳನ್ನು ಮುಡಿಪಿಟ್ಟು, 1887ರಲ್ಲಿ ಸೈಕಲ್ಲಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿ, ವೆಲೋಸಿಯೋ ಎಂಬ ಅಂಕಿತದಿಂದ ಬರೆದರು. ಬೆಟ್ಟಗಳಿಂದ ಸುತ್ತುವರಿದ ಆ ಊರಿನಲ್ಲಿ ಒಂದೇ ಗೇರಿನ ಸೈಕಲ್ಲು ಮನುಷ್ಯನನ್ನು ಬಳಲಿಸುತ್ತದೆಂದು ಅವರು ಸ್ವಾನುಭವದಿಂದ ಅರಿತರು. ಹಲವು ಗೇರುಗಳ ಸೈಕಲ್ಲಿಗಾಗಿ ದಶಕಗಳ ಕಾಲ ವಾದಿಸಿದರು, ಪ್ರಯೋಗ ನಡೆಸಿದರು.

ಅವರ ಮಾತನ್ನು ಒಪ್ಪದವರು ಬಹಳ. 1903ರಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಅವರಿಗೆ ಗೇರು ಬದಲಿಸುವ ಯಂತ್ರವೆಂದರೆ ತಾತ್ಸಾರ. ಬಲಿಷ್ಠನು ಸ್ನಾಯುಬಲದಿಂದಲೇ ಗೆಲ್ಲಬೇಕೆಂಬುದು ಅವರ ನಿಲುವು. ಆ ಸ್ಪರ್ಧೆಯಲ್ಲಿ ಡಿರೇಲರಿಗೆ ಅನುಮತಿ ದೊರೆತದ್ದು 1937ರಲ್ಲಿ. ಅಷ್ಟರಲ್ಲಿ ವೆಲೋಸಿಯೋ ತೀರಿಕೊಂಡು ಏಳು ವರ್ಷಗಳಾಗಿದ್ದವು. ಇಂದು ಡಿರೇಲರ್ ಇಲ್ಲದೆ ಆ ಸ್ಪರ್ಧೆಗೆ ಇಳಿಯುವವರೇ ಇಲ್ಲ.

ವೆಲೋಸಿಯೋ ಸಸ್ಯಾಹಾರಿಯಾಗಿದ್ದರು. ಸವಾರರಿಗೆಂದು ಅವರು ಕೊಟ್ಟ ನಿಯಮಗಳು ನಮ್ಮ ದಿನಚರ್ಯೆಯ ವಿಧಿಗಳಿಗೆ ಎಷ್ಟು ಸಮೀಪವೆಂಬುದನ್ನು ಕಂಡು ನಾವು ಬೆರಗಾದೆವು. ಹಸಿವು ಕಾಡುವ ಮುನ್ನ ಸ್ವಲ್ಪ ಉಣ್ಣುವುದು, ಬಾಯಾರುವ ಮುನ್ನ ಕುಡಿಯುವುದು, ಅತಿ ಆಯಾಸಕ್ಕೆ ಎಡೆಗೊಡದಿರುವುದು, ಸವಾರಿಯ ಕಾಲದಲ್ಲಾದರೂ ಮದ್ಯ, ಮಾಂಸ, ತಂಬಾಕುಗಳನ್ನು ತ್ಯಜಿಸುವುದು. ಹಮ್ಮಿಗಾಗಿ ಪೆಡಲು ತುಳಿಯಬಾರದೆಂಬ ಆಶಯವೂ ಅವುಗಳಲ್ಲಿದೆ. ನಮ್ಮ ಶಿಕ್ಷಕರು ಜೊತೆಗಿದ್ದ ತರುಣರ ಮುಂದೆ ಇಳಿದು ತಳ್ಳಲು ನಾಚಿದರು. ಮೊಣಕಾಲು ಕೆಟ್ಟದ್ದರಲ್ಲಿ ಗೇರಿನಷ್ಟೇ ಪಾಲು ಆ ನಾಚಿಕೆಯದು.

ಡಿರೇಲರನ್ನು ಆರಿಸುವ ಬಗೆ

ಡಿರೇಲರ್ ಎಂಬ ಫ್ರೆಂಚ್ ಮೂಲದ ಪದಕ್ಕೆ ಹಳಿ ತಪ್ಪಿಸುವುದೆಂದು ಅರ್ಥ. ಚೈನನ್ನು ಒಂದು ಹಲ್ಲುಚಕ್ರದಿಂದ ತಪ್ಪಿಸಿ ಪಕ್ಕದ ಚಕ್ರದ ಮೇಲೆ ಕೂರಿಸುವುದು ಅದರ ಕೆಲಸ. ಹಿಂದಿನ ಡಿರೇಲರಿಗೆ ಇನ್ನೊಂದು ಕೆಲಸವೂ ಉಂಟು. ಚಕ್ರ ಚಿಕ್ಕದಾದಾಗ ಸಡಿಲಗೊಳ್ಳುವ ಚೈನನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಕೆಳಗೆ ತೂಗುವ, ಎರಡು ಪುಟ್ಟ ಗಾಲಿಗಳುಳ್ಳ ತೋಳು ಈ ಕೆಲಸ ಮಾಡುತ್ತದೆ.

ಆದ್ದರಿಂದ ಹಿಂದಿನ ಡಿರೇಲರನ್ನು ಕೊಳ್ಳುವಾಗ ಎರಡು ಅಂಕಿಗಳನ್ನು ನೋಡಬೇಕು. ಮೊದಲನೆಯದು, ಅದು ತಾಳಬಲ್ಲ ಅತಿ ದೊಡ್ಡ ಹಲ್ಲುಚಕ್ರ. 28 ಹಲ್ಲಿನವರೆಗೆ ಮಾತ್ರ ತಯಾರಾದ ಡಿರೇಲರಿಗೆ 34ರ ಚಕ್ರ ಹಾಕಿದರೆ ಪುಟ್ಟ ಗಾಲಿ ಹಲ್ಲಿಗೆ ತಾಗಿ ಸದ್ದು ಮಾಡುತ್ತದೆ. ಎರಡನೆಯದು, ಅದರ ಸಾಮರ್ಥ್ಯ. ಮುಂದಿನ ದೊಡ್ಡ ಹಾಗೂ ಚಿಕ್ಕ ಚಕ್ರಗಳ ಹಲ್ಲುಗಳ ವ್ಯತ್ಯಾಸಕ್ಕೆ ಹಿಂದಿನ ದೊಡ್ಡ ಹಾಗೂ ಚಿಕ್ಕ ಚಕ್ರಗಳ ವ್ಯತ್ಯಾಸವನ್ನು ಕೂಡಿಸಬೇಕು. ಶಿಕ್ಷಕರ ಹೊಸ ಜೋಡಣೆಯಲ್ಲಿ ಮುಂದೆ 18, ಹಿಂದೆ 20, ಒಟ್ಟು 38. ಡಿರೇಲರಿನ ಸಾಮರ್ಥ್ಯ ಅದಕ್ಕೆ ಸಮ ಅಥವಾ ಹೆಚ್ಚು ಇರಬೇಕು. ಉದ್ದ ತೋಳಿನ ಡಿರೇಲರುಗಳಿಗೆ ಮಾತ್ರ ಇಷ್ಟು ಸಾಮರ್ಥ್ಯವಿರುತ್ತದೆ. ಯಾತ್ರೆಯ ಸೈಕಲ್ಲಿಗೆ ಗಿಡ್ಡ ತೋಳಿನದು ಬೇಡ. ಅದು ಓಟದ ಸ್ಪರ್ಧೆಯ ಸೈಕಲ್ಲಿಗೆ ತಕ್ಕದ್ದು.

ಚೈನಿನ ಉದ್ದವೂ ಮುಖ್ಯ. ಫ್ರೀವೀಲ್ ದೊಡ್ಡದಾದ ಮೇಲೆ ಹಳೆಯ ಚೈನು ಗಿಡ್ಡವಾಗಬಹುದು. ಮುಂದಿನ ದೊಡ್ಡ ಚಕ್ರ, ಹಿಂದಿನ ದೊಡ್ಡ ಚಕ್ರ ಎರಡನ್ನೂ ಏಕಕಾಲಕ್ಕೆ ಸುತ್ತುವಷ್ಟು ಚೈನು ಇರಲೇಬೇಕು. ಆ ಗೇರನ್ನು ಬಳಸಬಾರದು ಎಂಬುದು ಬೇರೆ ಮಾತು. ಆಯಾಸದಲ್ಲಿ ಮರೆತು ಹಾಕಿದಾಗ ಚೈನು ಸಾಲದಿದ್ದರೆ ಡಿರೇಲರ್ ಮುರಿಯುತ್ತದೆ.

ಡಿರೇಲರಿನ ಮೇಲೆ ಎರಡು ಪುಟ್ಟ ಸ್ಕ್ರೂಗಳಿರುತ್ತವೆ. ಒಂದು ಚೈನು ಹೊರಗೆ ಬೀಳದಂತೆ, ಇನ್ನೊಂದು ಒಳಗೆ ಗಾಲಿಯ ಕಡ್ಡಿಗಳಿಗೆ ಬೀಳದಂತೆ ತಡೆಯುತ್ತದೆ. ಎರಡನೆಯದು ಸಡಿಲವಾಗಿದ್ದರೆ ಏರಿನಲ್ಲಿ ಕೆಳಗಿನ ಗೇರು ಹಾಕಿದೊಡನೆ ಚೈನು ಕಡ್ಡಿಗಳೊಳಗೆ ಸಿಲುಕಿ ಯಾತ್ರೆ ಅಲ್ಲಿಗೇ ಮುಗಿಯಬಹುದು. ಹೊರಡುವ ಮುನ್ನ ಮೇಸ್ತ್ರಿಯ ಕೈಯಲ್ಲಿ ಇದನ್ನು ಸರಿಪಡಿಸಿಕೊಂಡು ಎಲ್ಲ ಗೇರುಗಳನ್ನೂ ಹಾಕಿ ನೋಡತಕ್ಕದ್ದು. ಡಿರೇಲರ್ ತೂಗುವ ಹ್ಯಾಂಗರ್ ಎಂಬ ಚಿಕ್ಕ ತುಂಡು ಅಲ್ಯೂಮಿನಿಯಂನದಾಗಿದ್ದರೆ ಸೈಕಲ್ ಬಲಕ್ಕೆ ಬಿದ್ದಾಗ ಬಾಗುತ್ತದೆ ಅಥವಾ ಮುರಿಯುತ್ತದೆ. ನಿಮ್ಮ ಸೈಕಲ್ಲಿಗೆ ಹೊಂದುವ ಇನ್ನೊಂದು ತುಂಡು ಚೀಲದಲ್ಲಿರಲಿ. ತಾಲ್ಲೂಕು ಸ್ಥಳದಲ್ಲಿ ಅದೇ ಆಕಾರದ್ದು ದೊರೆಯುವ ಭರವಸೆ ಇಲ್ಲ.

ಹಿಂದಿನ ಹಲ್ಲುಚಕ್ರಗಳಲ್ಲಿ ಫ್ರೀವೀಲ್, ಕ್ಯಾಸೆಟ್ ಎಂದು ಎರಡು ಬಗೆ. ಫ್ರೀವೀಲ್ ಅಗ್ಗ. ಆದರೆ ಅದರಲ್ಲಿ ಬಲಬದಿಯ ಬೇರಿಂಗು ಗಾಲಿಯ ನಡುವಿನ ಕಡೆಗೆ ಸರಿದಿರುವುದರಿಂದ ಹೊರೆ ಹೆಚ್ಚಾದಾಗ ಅಚ್ಚು ಬಾಗುವ ಸಂಭವವಿದೆ. ಕ್ಯಾಸೆಟ್ಟಿನ ಹಬ್ಬಿನಲ್ಲಿ ಬೇರಿಂಗು ಅಚ್ಚಿನ ತುದಿಗೆ ಸಮೀಪವಿದ್ದು ಭಾರವನ್ನು ಚೆನ್ನಾಗಿ ತಾಳುತ್ತದೆ. ಹೊಸದಾಗಿ ಕೊಳ್ಳುವವರು, ವಿಶೇಷವಾಗಿ ದೇಹಭಾರ ಹೆಚ್ಚಿರುವವರು, ಕ್ಯಾಸೆಟ್ ಇರುವುದನ್ನೇ ಆರಿಸಲಿ. ಇದ್ದ ಸೈಕಲ್ಲನ್ನೇ ಬಳಸುವವರು ಹೊರೆಯನ್ನು ಮಿತಿಯಲ್ಲಿಡಲಿ. ಹಿಂಗಾಲಿಗೆ 36 ಕಡ್ಡಿಗಳಿದ್ದರೆ ಲೇಸು.

ಗೇರು ಹೆಚ್ಚಾದಷ್ಟೂ ಚೈನು ಸಪೂರವಾಗುತ್ತದೆ, ದುರಸ್ತಿ ಸೂಕ್ಷ್ಮವಾಗುತ್ತದೆ. ಹಿಂದೆ 6, 7, 8 ಚಕ್ರಗಳಿರುವ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಒಂದೇ ಬಗೆಯ ಚೈನು ಹೊಂದುತ್ತದೆ, ಸುಲಭವಾಗಿ ಸಿಗುತ್ತದೆ. 11 ಅಥವಾ 12 ಚಕ್ರಗಳ ಸೈಕಲ್ಲು ನಗರಕ್ಕೆ ಒಪ್ಪುತ್ತದೆ, ಕಾಡುದಾರಿಗೆ ಅಷ್ಟಾಗಿ ಅಲ್ಲ. ಡಿರೇಲರೇ ಇಲ್ಲದೆ ಗಾಲಿಯ ಹಬ್ಬಿನೊಳಗೇ 14 ಗೇರುಗಳನ್ನು ಅಡಗಿಸಿದ ಜರ್ಮನಿಯ ರೋಲಾಫ್ ಯಂತ್ರವೂ ಇದೆ. ಧೂಳು, ಕೆಸರು ಅದಕ್ಕೆ ತಾಗುವುದಿಲ್ಲ. ಆದರೆ ಅದರ ಬೆಲೆಗೆ ನಮ್ಮಲ್ಲಿ ಹಲವು ಸೈಕಲ್ಲುಗಳು ಬರುತ್ತವೆ. ನಮ್ಮ ಭಕ್ತರಿಗೆ ಅದರ ಅಗತ್ಯವಿಲ್ಲ.

ಚೈನಿನ ಸವೆತವನ್ನು ಸಾಧಾರಣ ಅಳತೆಪಟ್ಟಿಯಿಂದಲೇ ತಿಳಿಯಬಹುದು. ಹೊಸ ಚೈನಿನ 24 ಪಿನ್ನುಗಳ ಅಂತರ ಸರಿಯಾಗಿ 12 ಅಂಗುಲ. ಅದು ಅಂಗುಲದ 16ನೆಯ ಒಂದು ಭಾಗದಷ್ಟು ಹಿಗ್ಗಿದ್ದರೆ ಚೈನನ್ನು ಬದಲಿಸಬೇಕು. 8ನೆಯ ಒಂದು ಭಾಗದಷ್ಟು ಹಿಗ್ಗುವವರೆಗೆ ಬಿಟ್ಟರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಆಗ ಏರಿನಲ್ಲಿ ಬಲವಾಗಿ ತುಳಿದಾಗ ಚೈನು ಜಾರಿ ಮೊಣಕಾಲಿಗೆ ಥಟ್ಟನೆ ಪೆಟ್ಟು ಬೀಳುತ್ತದೆ.

ಬಳಸುವ ಕ್ರಮ, ದೇಹದ ರಕ್ಷಣೆ

ಒಳ್ಳೆಯ ಗೇರಿದ್ದರೂ ಬಳಸುವ ಕ್ರಮ ತಿಳಿಯದಿದ್ದರೆ ವ್ಯರ್ಥ. ಏರು ಆರಂಭವಾಗುವ ಮುನ್ನವೇ ಕೆಳಗಿನ ಗೇರಿಗೆ ಬರಬೇಕು. ಬದಲಿಸುವ ಕ್ಷಣದಲ್ಲಿ ಪೆಡಲಿನ ಒತ್ತಡವನ್ನು ತುಸು ಸಡಿಲಿಸಬೇಕು. ಮುಂದಿನ ದೊಡ್ಡ ಚಕ್ರದೊಂದಿಗೆ ಹಿಂದಿನ ದೊಡ್ಡದನ್ನು, ಚಿಕ್ಕದರೊಂದಿಗೆ ಚಿಕ್ಕದನ್ನು ಸೇರಿಸಬಾರದು. ಏರಿನಲ್ಲಿ ನಿಮಿಷಕ್ಕೆ 60ರಿಂದ 70 ಸುತ್ತು, ಬಯಲಿನಲ್ಲಿ 75ರಿಂದ 85 ಸುತ್ತು ತುಳಿಯುವುದು ಹಿತ. ಹದಿನೈದು ಸೆಕೆಂಡುಗಳಲ್ಲಿ ಬಲಗಾಲು ಎಷ್ಟು ಸಲ ಕೆಳಗೆ ಬಂತೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. 50ಕ್ಕಿಂತ ಇಳಿದರೆ ಇನ್ನೂ ಕೆಳಗಿನ ಗೇರಿಗೆ ಬರಬೇಕು. ಗೇರು ಮುಗಿದಿದ್ದರೆ ಇಳಿದು ತಳ್ಳಬೇಕು.

ಸೀಟಿನ ಎತ್ತರವನ್ನೂ ಸರಿಪಡಿಸಿಕೊಳ್ಳಬೇಕು. ಸೀಟಿನ ಮೇಲೆ ಕುಳಿತು, ಪೆಡಲು ಅತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಅನಂತರ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲಿನಲ್ಲಿ ತಕ್ಕಷ್ಟು ಬಾಗು ಉಳಿಯುತ್ತದೆ. ಸೀಟು ತಗ್ಗಾಗಿದ್ದರೆ ಮೊಣಕಾಲಿನ ಮುಂದೆ, ಎತ್ತರವಾಗಿದ್ದರೆ ಹಿಂದೆ ನೋವು ಬರುವುದುಂಟು. ನಮ್ಮ ಶಿಕ್ಷಕರ ಸೀಟು ಎರಡು ಅಂಗುಲ ತಗ್ಗಾಗಿತ್ತು.

ಯಾತ್ರೆಗೆ ಎಂಟು ವಾರ ಮುಂಚೆ ಅಭ್ಯಾಸ ಆರಂಭಿಸಿ, ಕೊನೆಯ ವಾರಗಳಲ್ಲಿ ಹೊರೆಯೊಂದಿಗೇ ಸವಾರಿ ಮಾಡಬೇಕು. ಬೆಳಿಗ್ಗೆ ಸ್ನಾನಕ್ಕೆ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ತೊಡೆ, ಮೊಣಕಾಲು, ಮೀನಖಂಡ, ಅಂಗಾಲುಗಳಿಗೆ ಅಭ್ಯಂಗ ಮಾಡಬೇಕು. ದಾರಿಯಲ್ಲಿ ಜೋಳದ ರೊಟ್ಟಿ, ತುಪ್ಪ, ಬೇಳೆ, ಬಾಳೆಹಣ್ಣುಗಳಂಥ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಸೇವಿಸಬೇಕು. ಹೊಟ್ಟೆ ಬಿರಿಯುವಂತೆ ಪ್ರಸಾದ ಸ್ವೀಕರಿಸಿ ಕೂಡಲೇ ಏರು ಹತ್ತಬಾರದು. ಮಲಮೂತ್ರಗಳ ವೇಗವನ್ನು ತಡೆಯಬಾರದು.

ಮಧುಮೇಹಿಗಳಿಗೆ ಒಂದು ವಿಶೇಷ ಎಚ್ಚರಿಕೆ. ಮಾತ್ರೆ ಅಥವಾ ಇನ್ಸುಲಿನ್ ಪಡೆಯುವವರಿಗೆ ದೀರ್ಘ ಸವಾರಿಯಲ್ಲಿ ಸಕ್ಕರೆ ತೀರ ಇಳಿಯಬಹುದು. ನಡುಕ, ತಣ್ಣನೆಯ ಬೆವರು, ಮಂಕು ಕವಿದಂತಾದರೆ ತಕ್ಷಣ ನಿಂತು ಗ್ಲೂಕೋಸ್ ಅಥವಾ ಸಕ್ಕರೆ ಸೇವಿಸಬೇಕು. ಅದು ಸದಾ ಜೇಬಿನಲ್ಲಿರಲಿ. ಔಷಧದ ಪ್ರಮಾಣವನ್ನು ಹೊರಡುವ ಮುನ್ನ ನಿಮ್ಮ ವೈದ್ಯರಲ್ಲಿ ಕೇಳಿಕೊಳ್ಳಿ. ಐವತ್ತು ದಾಟಿದವರು, ರಕ್ತದೊತ್ತಡ ಅಥವಾ ಹೃದ್ರೋಗವಿರುವವರು ಹೃದಯದ ಪರೀಕ್ಷೆ ಮಾಡಿಸಿಕೊಳ್ಳದೆ ಹೊರಡಕೂಡದು. ಎದೆಯಲ್ಲಿ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು ಕಂಡರೆ ಅದು ಗೇರಿನ ಮಾತಲ್ಲ, ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದ ಮಾತು. ಮೊಣಕಾಲು ಕೆಂಪಾಗಿ ಬಿಸಿಯಾಗಿ ಊದಿದರೆ, ಬಾಗಿಸುವಾಗ ಸಿಕ್ಕಿಹಾಕಿಕೊಂಡರೆ, ಎಣ್ಣೆಯ ಉಪಚಾರದಲ್ಲೇ ಕಾಲ ಕಳೆಯದೆ ಮೂಳೆತಜ್ಞರಿಗೆ ತೋರಿಸಬೇಕು.

ಮರುವರ್ಷದ ಮಾಘ

ಶಿಕ್ಷಕರ ಸೈಕಲ್ಲಿನ ಬದಲಾವಣೆಗೆ ಹೊಸ ಸೈಕಲ್ಲಿನ ಬೆಲೆಯ ಚಿಕ್ಕ ಪಾಲಷ್ಟೇ ಖರ್ಚಾಯಿತು. ಆರು ವಾರ ಅವರು ಬಯಲಿನಲ್ಲಿ ಮಾತ್ರ ತುಳಿದರು, ಆಮೇಲೆ ಚಿಕ್ಕ ದಿಬ್ಬಗಳಲ್ಲಿ. ಸಕ್ಕರೆ ಮತ್ತೆ ಹತೋಟಿಗೆ ಬಂತು. ಮರುವರ್ಷದ ಮಾಘದಲ್ಲಿ ಅವರು ಉಳವಿಗೆ ಹೊರಟಾಗ ನಮ್ಮ ಮನಸ್ಸಿನಲ್ಲಿ ಅಳುಕಿತ್ತು. ನಾಲ್ಕನೆಯ ದಿನ ಹಿಂದಿರುಗಿ ನೇರವಾಗಿ ಚಿಕಿತ್ಸಾಲಯಕ್ಕೆ ಬಂದರು. ಕೈಯಲ್ಲಿ ಪ್ರಸಾದ. "ಎರಡು ಕಡೆ ಇಳಿದು ನೂಕಿದ್ನಿರೀ ಸಾಹೇಬ್ರ. ಚಕ್ಕಡಿಯವರು ಮುಂದ ಹೋದ್ರು. ಹೋಗ್ಲಿ ಅಂದೆ" ಎಂದರು. ಮೊಣಕಾಲನ್ನು ಒತ್ತಿ ನೋಡಿದೆವು. ಬಾವು ಇರಲಿಲ್ಲ.

ಕಾಯಕಕ್ಕೂ ಪೂಜೆಗೂ ಈ ಕಾಯವೇ ಆಧಾರ. ಅದನ್ನು ದಂಡಿಸಿ ಸಾಧಿಸಬೇಕಾದದ್ದು ಏನೂ ಇಲ್ಲವೆಂದು ಬಗೆದ ಪರಂಪರೆ ನಮ್ಮದು. ಯಾತ್ರೆಗೆ ಸೈಕಲ್ಲಿನಲ್ಲಿ ಹೊರಡುವ ಭಕ್ತರು ಈ ವಾರವೇ ಒಮ್ಮೆ ಕುಳಿತು ತಮ್ಮ ಸೈಕಲ್ಲಿನ ಮುಂದಿನ ಚಿಕ್ಕ ಚಕ್ರದ ಹಲ್ಲುಗಳನ್ನೂ ಹಿಂದಿನ ದೊಡ್ಡ ಚಕ್ರದ ಹಲ್ಲುಗಳನ್ನೂ ಎಣಿಸಿ ಬರೆದಿಟ್ಟುಕೊಳ್ಳಲಿ. ಮೊಣಕಾಲು ನೋವೆಂದು ನಮ್ಮಲ್ಲಿಗೆ ಬರುವ ಸವಾರರು ಸೈಕಲ್ಲನ್ನೂ ಜೊತೆಗೆ ತರಲಿ. ಈಗ ನಾವು ಎರಡನ್ನೂ ಪರೀಕ್ಷಿಸುತ್ತೇವೆ.